ಕಂಪ್ಯೂಟರಿನ ಕಿವಿ

ನನ್ನ ಎಡಗೈಯ ಹಸಿರು ಬಳೆಗಳ ನಡುವೆ ಯಾವಾಗಲೂ ಒಂದು ಸೇಫ್ಟಿ ಪಿನ್ನು ತೂಗಾಡುತ್ತಿರುತ್ತದೆ. ಹಾನಗಲ್ಲಿಗೆ ಕೊಟ್ಟ ಮಗಳು ಹಿರೇಕೆರೂರಿಗೆ ಬಂದಾಗಲೆಲ್ಲ ಅದನ್ನು ನೋಡಿ ನಗುತ್ತಾಳೆ. ಒಳ್ಳೆಯ ಬಳೆ ಕೊಡಿಸುತ್ತೇನೆ ಎಂದರೆ ಬೇಡ ಎನ್ನುವ ಅವ್ವ ಈ ತುಕ್ಕು ಪಿನ್ನನ್ನು ಮಾತ್ರ ಬಿಡುವುದಿಲ್ಲ ಎಂದು ಅವಳ ದೂರು. ನಗಲಿ ಬಿಡಿ. ಅವಳ ಲಂಗಕ್ಕೆ ಲಾಡಿ ಪೋಣಿಸಿದ್ದು ಇದೇ ಪಿನ್ನು. ಹೊಲದ ದಾರಿಯಲ್ಲಿ ಅವಳ ಕಾಲಿಗೆ ನೆಟ್ಟ ಜಾಲಿಮುಳ್ಳನ್ನು ತೆಗೆದದ್ದು, ಹಾವೇರಿ ಬಸ್ಸಿನಲ್ಲಿ ಕಿತ್ತುಹೋದ ಚೀಲದ ಬಾಯಿ ಹಿಡಿದದ್ದು, ಗ್ಯಾಸಿನ ಒಲೆಯ ಕಟ್ಟಿದ ತೂತುಗಳನ್ನು ಬಿಡಿಸಿದ್ದು, ಎಲ್ಲವೂ ಇದೇ ಅಥವಾ ಇದರ ಅಕ್ಕತಂಗಿಯರು. ದೊಡ್ಡ ಉಪಕಾರಗಳನ್ನು ದೇವರು ನಾಲ್ಕು ಮಂದಿಗೆ ಕಾಣುವ ಹಾಗೆ ಮಾಡುತ್ತಾನೆ. ಸಣ್ಣವನ್ನು ನಮ್ಮಂಥ ಹೆಂಗಸರ ಬಳೆಗೆ ತೂಗುಹಾಕಿ ಇಡುತ್ತಾನೆ ಎಂದು ನಾನು ತಿಳಿದುಕೊಂಡಿದ್ದೇನೆ.

ಈಗ ಹೇಳಹೊರಟದ್ದು ಈ ಪಿನ್ನು ಒಂದು ಕಂಪ್ಯೂಟರಿನ ಕಿವಿ ಬಿಡಿಸಿದ ಕಥೆ. ಕಂಪ್ಯೂಟರಿಗೆ ಕಿವಿ ಇರುತ್ತದೆಯೇ ಎಂದು ನೀವು ಕೇಳಬಹುದು. ನನಗೂ ಹೋದ ಯುಗಾದಿಯ ಮೊದಲು ಗೊತ್ತಿರಲಿಲ್ಲ.

ರೇಡಿಯೊದ ಸಂಗಡ ನನ್ನ ಸಂಬಂಧ ಹಳೆಯದು. ನನ್ನ ತವರು ಅಬಲೂರು. ನಮ್ಮ ಅಜ್ಜನ ಮನೆಯ ಪಡಸಾಲೆಯ ಗೂಡಿನಲ್ಲಿ ಒಂದು ದೊಡ್ಡ ಕಟ್ಟಿಗೆಯ ರೇಡಿಯೊ ಇತ್ತು. ಅವ್ವ ಅದಕ್ಕೆ ಎರಡು ಗಿಳಿ ಹೆಣೆದ ಮುಸುಕು ಹೊಲಿದಿದ್ದಳು. ಅದರ ಬೆನ್ನಿನಿಂದ ಒಂದು ತಂತಿ ಇಳಿದು, ಗೋಡೆ ದಾಟಿ, ಹಿತ್ತಲಿನ ತುಳಸಿ ಕಟ್ಟೆಯ ಮಗ್ಗುಲಲ್ಲಿ ನೆಲದೊಳಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ನೆಲ ಒಣಗಿದರೆ ರೇಡಿಯೊ ಗೊರಗೊರ ಎನ್ನುತ್ತಿತ್ತು. ಆಗ ಅಜ್ಜ ಒಳಗಿನಿಂದ ಕೂಗುತ್ತಿದ್ದ: "ಲೀಲಾ, ರೇಡಿಯೊಕ್ಕ ನೀರು ಹಾಕವಾ." ನಾನು ತಂಬಿಗೆ ಹಿಡಿದು ಓಡಿ, ತುಳಸಿಗೆ ಅರ್ಧ, ತಂತಿಯ ಬುಡಕ್ಕೆ ಅರ್ಧ ಸುರಿಯುತ್ತಿದ್ದೆ. ಒಳಗೆ ಗೊರಗೊರ ನಿಂತು ಹಾಡು ತಿಳಿಯಾಗುತ್ತಿತ್ತು. ರೇಡಿಯೊದೊಳಗೆ ಕುಳಿತವರಿಗೆ ಬಾಯಾರಿಕೆ ಆಗುತ್ತದೆ, ನೀರು ಕುಡಿದ ಮೇಲೆ ಗಂಟಲು ಬಿಡುತ್ತದೆ ಎಂದೇ ನಾನು ಬಹಳ ವರ್ಷ ನಂಬಿದ್ದೆ. ಒಮ್ಮೆ ಹಾಡುವವಳ ದನಿ ಬಹಳ ಒಡೆದಿದೆ ಎನಿಸಿ, ಅವ್ವನಿಗೆ ಕಾಣದಂತೆ ಬೆಲ್ಲದ ನೀರು ಹಾಕಿ ಇರುವೆ ಸಾಲು ಮನೆಯೊಳಗೆ ಬರಿಸಿದ್ದೂ ಉಂಟು.

ಇಂಥ ಬುದ್ಧಿವಂತೆಯನ್ನು ದೇವರು ಕೊಟ್ಟದ್ದು ಎಂಥವರಿಗೆ ನೋಡಿ. ನಮ್ಮವರು ಹಿರೇಕೆರೂರಿನಲ್ಲಿ ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದಾರೆ. ಕೆಲಸ ಮುಗಿಸಿ ಮನೆಗೆ ಬಂದ ಮೇಲೂ ತಂತಿಯೇ. ಹವ್ಯಾಸಿ ರೇಡಿಯೊದ ಸರಕಾರಿ ಪರೀಕ್ಷೆ ಕಟ್ಟಿ ಪರವಾನಗಿ ತಂದುಕೊಂಡಿದ್ದಾರೆ. ಹಣೆಯಲ್ಲಿ ಬರೆದದ್ದು ಮಾತ್ರ ಒಂದು ಸ್ಕ್ಯಾನರ್. ಅಂಗೈಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಗಾಳಿಯಲ್ಲಿ ಹಾದುಹೋಗುವ ದನಿಗಳನ್ನು ಒಂದೊಂದಾಗಿ ತಡವಿ ಹಿಡಿಯುತ್ತದೆ. ಕೇಳುತ್ತದೆಯೇ ಹೊರತು ತಿರುಗಿ ಮಾತಾಡುವುದಿಲ್ಲ. ಮದುವೆಯಾದ ಹೊಸತರಲ್ಲಿ ನಾನೂ ಹಾಗೇ ಇದ್ದೆನಂತೆ, ಈಗ ಆ ಗುಣ ಇದಕ್ಕಾದರೂ ಇದೆ ಎಂದು ಅವರು ಬಂದವರೆದುರು ಹೇಳುವುದುಂಟು. ಮಾತಾಡುವ ದೊಡ್ಡ ಸೆಟ್ಟು ಇರುವುದು ಸವಣೂರಿನ ಬಷೀರ್ ಸಾಹೇಬರ ಹತ್ತಿರ. ಅವರು ನಮ್ಮವರ ಜೀವದ ಗೆಳೆಯ. ಮನೆಗೆ ಬಂದರೆ ಸವಣೂರಿನ ಎಲೆಯ ಕಟ್ಟು ತಂದು ನಮ್ಮ ಅತ್ತೆಯ ಮುಂದಿಟ್ಟು, ನನ್ನನ್ನು ವೈನಿ ಎಂದು ಕರೆದು, ಚಹಾ ಎರಡು ಸಲ ಕೇಳಿ ಕುಡಿಯುವವರು.

ಇನ್ನು ನಮ್ಮ ಅತ್ತೆ. ಅವರಿಗೆ ಶ್ರೀಶೈಲದ ಮಲ್ಲಯ್ಯ ದೇವರಷ್ಟೇ ಅಲ್ಲ, ಅಳಿಯ. ನಮ್ಮ ಕಡೆಯವರ ಲೆಕ್ಕದಲ್ಲಿ ಭ್ರಮರಾಂಬೆ ನಮ್ಮ ಮನೆಯ ಮಗಳು; ಮಲ್ಲಯ್ಯನಿಗೆ ಕೊಟ್ಟು ಗುಡ್ಡದ ಮೇಲೆ ಬಿಟ್ಟುಬಂದಿದ್ದೇವೆ. ವರ್ಷಕ್ಕೊಮ್ಮೆ, ಯುಗಾದಿಗೆ ಮೊದಲು, ಮಗಳ ಉಡಿ ತುಂಬಲು ಸೀರೆ, ಕುಬಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆಯಡಿಕೆ ಗಂಟು ಕಟ್ಟಿಕೊಂಡು, ಹೆಗಲ ಮೇಲೆ ಮಲ್ಲಯ್ಯನ ಕಂಬಿ ಹೊತ್ತುಕೊಂಡು ನಡೆದು ಹೋಗುವುದು ರೂಢಿ. ಕಂಬಿ ಎಂದರೆ ಹಿತ್ತಾಳೆ ಗೆಜ್ಜೆ, ನವಿಲುಗರಿ ಕಟ್ಟಿದ ಬಾಗಿದ ಕೋಲು. ಅದು ಹೊರಟ ಮನೆಯಿಂದ ದೇವರೇ ಹೊರಟ ಹಾಗೆ. ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅತ್ತೆ ಒಂದು ವರ್ಷವೂ ತಪ್ಪಿಸಿದವರಲ್ಲ.

ಹೋದ ವರ್ಷ ಅವರ ಮೊಣಕಾಲು ಒಲ್ಲೆ ಎಂದಿತು. ಪಡಸಾಲೆಯಿಂದ ಬಚ್ಚಲಿಗೆ ಹೋಗಲು ಗೋಡೆ ಹಿಡಿಯುವ ಸ್ಥಿತಿ. ಶಿಗ್ಗಾಂವಿಗೆ ಕೊಟ್ಟ ನನ್ನ ನಾದಿನಿ ಗಿರಿಜಾ ಮುಂದೆ ಬಂದು, ನಿನ್ನ ಬದಲು ನಾನು ಹೋಗುತ್ತೇನೆ ಎಂದಳು. ಅತ್ತೆ ಒಪ್ಪಿದರು, ಆದರೆ ಮುಖ ಬಾಡಿತು. ಉಡಿಯ ಗಂಟು ಕಟ್ಟುವಾಗ ಮೂರು ಸಲ ಬಿಚ್ಚಿ ನೋಡಿದರು. ಗಿರಿಜಾ ಕಾಲಿಗೆ ಬಿದ್ದಾಗ ಗುಡ್ಡದ ಮೇಲಿನ ಮಗಳ ಬಗ್ಗೆ ಹೇಳಿದ್ದು ಒಂದೇ ಮಾತು: "ಅವ್ವ ಯಾಕ ಬರಲಿಲ್ಲ ಅಂತ ಕೇಳ್ತಾಳ ಆಕಿ. ಮೊಣಕಾಲು ಅಂತ ಹೇಳಬ್ಯಾಡ, ಚಿಂತಿ ಮಾಡ್ತಾಳ. ಕೆಲಸ ಐತಿ ಅಂತ ಹೇಳು."

ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿ ಇದೆ. ಕಂಬಿಯು ಕಾಡು ದಾಟಿ, ಭೀಮನ ಕೊಳ್ಳ ಇಳಿದು, ಕಲ್ಲಿನ ಮೆಟ್ಟಿಲೇರಿ ಕೈಲಾಸ ಬಾಗಿಲು ಮುಟ್ಟುವ ದಿನ ಮನೆಯಲ್ಲಿ ಉಳಿದ ಹಿರಿಯ ಹೆಂಗಸು ಉಣ್ಣುವುದಿಲ್ಲ. ಮುಟ್ಟಿತು ಎಂದು ಸುದ್ದಿ ಬಂದ ಮೇಲೆಯೇ ತುತ್ತು. ಇಷ್ಟು ವರ್ಷ ಆ ಉಪವಾಸ ನನ್ನದಾಗಿತ್ತು. ಆ ಕಾಡಿನಲ್ಲಿ ಮೊಬೈಲು ಹತ್ತುವುದಿಲ್ಲ. ಅತ್ತೆ ಗುಡ್ಡ ಏರಿ, ದರ್ಶನ ಮುಗಿಸಿ, ಫೋನು ಮಾಡುವ ಹೊತ್ತಿಗೆ ಮರುದಿನವಾಗುತ್ತಿತ್ತು. ನನ್ನ ಹೊಟ್ಟೆ ತಡೆದುಕೊಳ್ಳುತ್ತಿತ್ತು. ಅತ್ತೆಯದು ಹಾಗಲ್ಲ. ಸಕ್ಕರೆ ಕಾಯಿಲೆ, ಹೊತ್ತುಹೊತ್ತಿಗೆ ಗುಳಿಗೆ. ಹೊಟ್ಟೆ ಖಾಲಿ ಬಿಡಲೇಬೇಡಿ ಎಂದು ಡಾಕ್ಟರು ಬೈದು ಹೇಳಿದ್ದಾರೆ. ನಾನು ಮಾಡುತ್ತೇನೆ ಉಪವಾಸ ಎಂದರೆ, ಮನೆಯಲ್ಲಿ ನಾನು ಕುಂತಿರುವಾಗ ನೀನು ಹೇಗೆ ಹಿರಿಯಳಾದೆ ಎಂದು ಕೇಳಿದರು.

ಆಗ ಮಲ್ಲಯ್ಯನೇ ಬಷೀರ್ ಸಾಹೇಬರನ್ನು ಕಳಿಸಿದ ಎನ್ನಬೇಕು. ಕಾಡಿನಲ್ಲಿ ನಡೆಯುವ ಯಾತ್ರಿಕರಿಗೆ ಜ್ವರ ಬಂದರೆ, ಯಾರಾದರೂ ತಪ್ಪಿಸಿಕೊಂಡರೆ ಸುದ್ದಿ ಮುಟ್ಟಿಸಲು ರೇಡಿಯೊದವರ ಒಂದು ತಂಡ ಆ ದಾರಿಯಲ್ಲಿ ಡೇರೆ ಹಾಕುತ್ತದಂತೆ. ಈ ಸಲ ಅವರೂ ಹೋಗುವವರಿದ್ದರು. "ಅವ್ವಾರ, ಬಾಯಿಮಾತಿನ ಸುದ್ದಿ ಅಲ್ಲ, ಫೋಟೊನ ಕಳಸ್ತೇನ್ರಿ. ನಿಮ್ಮ ಕಂಬಿ ನೀವ ನೋಡ್ರಿ" ಎಂದು ಅತ್ತೆಗೆ ಮಾತು ಕೊಟ್ಟರು. ಫೋಟೊವನ್ನು ಒಂದು ಥರದ ಕೂಗು ಮಾಡಿ ಗಾಳಿಗೆ ಬಿಡುತ್ತಾರೆ. ಇಲ್ಲಿ ಸ್ಕ್ಯಾನರ್ ಆ ಕೂಗನ್ನು ಹಿಡಿದು ಕಂಪ್ಯೂಟರಿಗೆ ಕೊಟ್ಟರೆ, ಅದು ಕೇಳಿಕೊಂಡು ಒಂದೊಂದೇ ಗೆರೆಯಾಗಿ ಚಿತ್ರ ಬರೆಯುತ್ತದೆ. ದಿನಕ್ಕೆ ಎರಡು ಸಲ, ಮುಂಜಾನೆ ಹನ್ನೊಂದಕ್ಕೆ ಮತ್ತು ಇಳಿಹೊತ್ತು ನಾಲ್ಕಕ್ಕೆ ಕಳಿಸುವುದೆಂದು ಗೊತ್ತುಮಾಡಿದರು. ನಮ್ಮ ಪೆಟ್ಟಿಗೆ ತಿರುಗಿ ಮಾತಾಡುವುದಿಲ್ಲವಲ್ಲ, ತಪ್ಪಿದರೆ ಇನ್ನೊಮ್ಮೆ ಕಳಿಸಿ ಎಂದು ಕೇಳುವ ಹಾಗಿಲ್ಲ.

ಫೋಟೊ ಎಂದದ್ದೇ ಅತ್ತೆಯ ಮುಖ ಅರಳಿತು. ಬರೀ ಮಾತಾದರೆ ಅವರು ನಂಬುವವರಲ್ಲ. ಉಣ್ಣಿಸುವ ಸಲುವಾಗಿ ಮಗ ಸೊಸೆ ಎಂಥ ಸುಳ್ಳನ್ನಾದರೂ ಹೇಳುತ್ತಾರೆಂದು ಅವರಿಗೆ ಗೊತ್ತು. ಹೇಳುತ್ತಿದ್ದೆವು ಕೂಡ.

ಕಂಬಿ ಕಾಡು ಹೊಗುವ ಹಿಂದಿನ ಸಂಜೆ ನಮ್ಮವರು ಮಗಳ ಓದಿನ ಕಾಲದ ಹಳೆಯ ಕಂಪ್ಯೂಟರಿನ ಧೂಳು ಹೊಡೆದರು. ದನಿಯ ವೈರು ಚುಚ್ಚುವ ಅದರ ಹಿಂಬದಿಯ ತೂತು ಮಗಳ ಕಾಲದಲ್ಲೇ ಮುರಿದಿತ್ತು. ಮುಂಬದಿಯಲ್ಲಿ ಇನ್ನೊಂದು ಗುಲಾಬಿ ಬಣ್ಣದ್ದು ಇತ್ತು. ಅತ್ತೆ ಕುರ್ಚಿ ಎಳೆಸಿಕೊಂಡು ಕುಂತು ಎಲ್ಲವನ್ನೂ ಕೇಳಿ ತಿಳಿದುಕೊಂಡರು. ನಮ್ಮವರು ಸ್ಕ್ಯಾನರಿನ ತೂತು ತೋರಿಸಿ, "ಅವ್ವಾ, ಇದು ಇದರ ಬಾಯಿ" ಎಂದರು. ಕಂಪ್ಯೂಟರಿನ ಗುಲಾಬಿ ತೂತು ತೋರಿಸಿ, "ಇದು ಅದರ ಕಿವಿ. ನಡುವ ಈ ವೈರು. ಬಾಯಿಂದ ಹೊಂಟಿದ್ದು ಕಿವಿಗೆ ಮುಟ್ಟಿತಂದ್ರ ಚಿತ್ರ ಮೂಡತೈತಿ." ಅತ್ತೆ ಎರಡನ್ನೂ ಬೆರಳಿನಿಂದ ಮುಟ್ಟಿ ನೋಡಿ, ಮಂದಗಣ್ಣಿಗೆ ಗುರುತು ಮಾಡಿಕೊಂಡರು. ಮುಂಗಾರಿಗೆ ಮೊದಲಿನ ಸಿಡಿಲಿನ ದಿನಗಳು. ಮಲಗುವ ಮುಂಚೆ ನಮ್ಮವರು ರೂಢಿಯಂತೆ ವೈರೆಲ್ಲ ಕಿತ್ತಿಟ್ಟರು.

ಮರುದಿನ ಹನ್ನೊಂದಕ್ಕೆ ವೈರು ಚುಚ್ಚಿ ಕುಳಿತೆವು. ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಒಂದು ಹಸಿರು ಪಟ್ಟಿ ಇದೆ, ದನಿ ಬಂದರೆ ಅದು ಏರಿ ಇಳಿಯುತ್ತದೆ. ಅದು ಚೆನ್ನಾಗಿ ಕುಣಿಯಿತು. ನಮ್ಮವರು ಗೆದ್ದವರ ಹಾಗೆ ನನ್ನ ಕಡೆ ನೋಡಿದರು. ಆದರೆ ಪರದೆಯಲ್ಲಿ ಮೂಡಿದ್ದು ರಾಗಿಹಿಟ್ಟು ಚೆಲ್ಲಿದಂಥ ಚುಕ್ಕೆಗಳು ಮಾತ್ರ. ತಪ್ಪು ಗಾಳಿಯ ದನಿ ಹಿಡಿಯಲು ಮಾಳಿಗೆಯ ಮೇಲೆ ಕಟ್ಟಿದ ತಂತಿಯದ್ದಿರಬೇಕು ಎಂದು ಮೆಟ್ಟಿಲು ಹತ್ತಿದರು. ಅಲ್ಲಿ ಅವರ ತಾಮ್ರದ ತಂತಿಯ ಮೇಲೆ ನನ್ನ ಎರಡು ಸೀರೆ, ಒಂದು ಚಾದರ ಒಣಗುತ್ತಿದ್ದವು. ಇದಕ್ಕೆ ಮುಂಚೆಯೂ ಈ ವಿಷಯದಲ್ಲಿ ನಮ್ಮಲ್ಲಿ ಮಾತು ಬೆಳೆದದ್ದುಂಟು. ನನಗೆ ಒಣಹಾಕಲು ಕಟ್ಟಿಕೊಟ್ಟ ಹಗ್ಗ ಜೋತುಬಿದ್ದು ಸೆರಗು ನೆಲಕ್ಕೆ ತಾಗುತ್ತದೆ. ಅವರ ತಂತಿ ಮಾತ್ರ ಬಿಗಿಯಾಗಿ, ಬಿಸಿಲಿಗೆ ನೇರವಾಗಿ ಇರುತ್ತದೆ. ತಪ್ಪು ಯಾರದೆಂದು ನೀವೇ ಹೇಳಿ. ಇರಲಿ, ಸೀರೆ ತೆಗೆದೆ. ನಾಲ್ಕಕ್ಕೂ ಅದೇ ರಾಗಿಹಿಟ್ಟು.

ಅದರ ಮರುದಿನವೇ ಕಂಬಿ ಗುಡ್ಡ ಏರುವ ದಿನ. ಅತ್ತೆ ಬೆಳಗಿನಿಂದ ಬರೀ ನೀರು. ಶಿವಪೂಜೆ ಮುಗಿಸಿ ಮಂಚದ ಮೇಲೆ ಕುಂತು ಜಪ ಹಿಡಿದರು. ನಮ್ಮವರು ಅಂಗಡಿಗೆ ಹೋಗದೆ ಕಂಪ್ಯೂಟರಿನ ಮುಂದೆ. ನಾನು ಒಳಗೆ ಬೇಳೆಗೆ ಕುಕ್ಕರಿಟ್ಟಿದ್ದೆ. ಕುಕ್ಕರು ಸೀಟಿ ಹೊಡೆದದ್ದೇ, ಹೊರಗಿನಿಂದ "ಬಂತು, ಬಂತು" ಎಂಬ ಕೂಗು. ಸ್ವಲ್ಪ ಹೊತ್ತಿಗೆ ಇನ್ನೊಂದು ಸೀಟಿ, ಮತ್ತೆ ಕೂಗು. ಏನು ಬಂತೆಂದು ನೋಡಲು ಸೌಟು ಹಿಡಿದು ಓಡಿಹೋದೆ. ನಾನು ಬಾಗಿ ನೋಡಿದಾಗ ಹಸಿರು ಪಟ್ಟಿ ಚಂಗನೆ ನೆಗೆಯಿತು. ಸುಮ್ಮನೆ ನಿಂತೆ, ಅದೂ ಸುಮ್ಮನಾಯಿತು. ಕೈ ಅಲ್ಲಾಡಿಸಿದೆ, ಬಳೆ ಝಲ್ಲೆಂದವು, ಪಟ್ಟಿ ಕುಣಿಯಿತು.

"ಏನ್ರಿ," ಎಂದೆ, "ಇದು ಕಾಡಿನ ಸುದ್ದಿ ಕೇಳಾಕತ್ತಿಲ್ಲ. ನನ್ನ ಬಳಿ ಸಪ್ಪಳ ಕೇಳಾಕತ್ತೈತಿ."

ನಮ್ಮವರು ನನ್ನ ಬಳೆಯನ್ನು ನೋಡಿದರು, ಪಟ್ಟಿಯನ್ನು ನೋಡಿದರು. ಒಮ್ಮೆ ಚಪ್ಪಾಳೆ ತಟ್ಟಿದರು, ಪಟ್ಟಿ ಅವರಿಗೂ ಕುಣಿದು ತೋರಿಸಿತು. ಕಂಪ್ಯೂಟರಿನ ನೆತ್ತಿಯ ಮೇಲೆ, ಮಗಳ ಮುಖ ನೋಡಿ ಮಾತಾಡಲು ಸಿಕ್ಕಿಸಿದ ಸಣ್ಣ ಕ್ಯಾಮರಾ ಇದೆ. ಅದಕ್ಕೂ ಒಂದು ಕಿವಿ ಇದೆಯಂತೆ. ನಮ್ಮ ಕಂಪ್ಯೂಟರು ವೈರಿನ ಕಡೆ ಲಕ್ಷ್ಯವನ್ನೇ ಕೊಡದೆ ಆ ಕಿವಿಯಿಂದ ಎರಡು ದಿನ ನಮ್ಮ ಮನೆಯ ಸುದ್ದಿ ಕೇಳುತ್ತ ಕುಂತಿತ್ತು. ಸೀರೆ, ತಂತಿ ಎಂದು ನಾವಾಡಿದ ಜಗಳವನ್ನೆಲ್ಲ ಚಿತ್ರ ಮಾಡಲು ಹೆಣಗಿ, ಪಾಪ, ರಾಗಿಹಿಟ್ಟು ಚೆಲ್ಲಿತ್ತು.

ನಮ್ಮವರು ಪರದೆಯಲ್ಲಿ ಹುಡುಕಾಡಿ, ಕ್ಯಾಮರಾದ ಕಿವಿ ಬಿಡಿಸಿ ಗುಲಾಬಿ ಕಿವಿಯನ್ನು ಆರಿಸಿದರು. ಪಟ್ಟಿ ಸತ್ತುಬಿತ್ತು. ಸ್ಕ್ಯಾನರಿನ ಗುಂಡಿ ಎಷ್ಟು ತಿರುಗಿಸಿದರೂ ಅಲ್ಲಾಡಲಿಲ್ಲ. ಗಡಿಯಾರದಲ್ಲಿ ಹನ್ನೊಂದಾಗುತ್ತ ಬಂದಿತ್ತು. ಇನ್ನೇನು ಮಾಡುವುದು, ವೈರು ಕಿತ್ತೊಗೆದು, ಮತ್ತೆ ಕ್ಯಾಮರಾದ ಕಿವಿಯನ್ನೇ ಹಚ್ಚಿ, ಸ್ಕ್ಯಾನರನ್ನು ಗಟ್ಟಿಯಾಗಿ ಒದರಲು ಬಿಟ್ಟು ಅದರ ಹತ್ತಿರ ಹಿಡಿದರು. ಹನ್ನೊಂದಕ್ಕೆ ಸರಿಯಾಗಿ ಕೂಗು ಬಂತು. ಡಬ್ಬಿಯಲ್ಲಿ ಸಿಕ್ಕ ಕಣಜದ ಹುಳದ ಹಾಗೆ ಏರುತ್ತ ಇಳಿಯುತ್ತ ಕೂಗಿತು. ಪರದೆಯ ಮೇಲೆ ಗೆರೆ ಮೂಡತೊಡಗಿತು, ಈ ಸಲ ನಿಜವಾದ ಚಿತ್ರದ ಗೆರೆ.

ಆದರೆ ನಮ್ಮ ಮನೆಯ ಮಗ್ಗುಲಿಗೇ ಹಿಟ್ಟಿನ ಗಿರಣಿ ಇದೆ. ಯುಗಾದಿಗೆ ಮುಂಚೆ ವರ್ಷದ ಖಾರ ಕುಟ್ಟಿಸುವ ಹಂಗಾಮು, ಗಿರಣಿಗೆ ಬಿಡುವಿಲ್ಲ. ಆ ಸದ್ದೆಲ್ಲ ಚಿತ್ರದ ಮೇಲೆ ಅಡ್ಡಡ್ಡ ಪಟ್ಟೆಯಾಗಿ ಬಿತ್ತು. ಅತ್ತೆ ಕೆಮ್ಮಿದ್ದು ಒಂದು ಕರಿ ಪಟ್ಟಿ. ಬೀದಿಯಲ್ಲಿ ಟ್ರ್ಯಾಕ್ಟರು ಹೋದದ್ದು ಇನ್ನೊಂದು. ಮನುಷ್ಯರಿದ್ದಾರೋ ಮರಗಳಿವೆಯೋ ತಿಳಿಯುವ ಹಾಗಿರಲಿಲ್ಲ. ಅತ್ತೆಯನ್ನು ಕರೆತಂದು ಪರದೆಯ ಹತ್ತಿರ ಕೂಡಿಸಿದೆವು. ಅವರು ಬಹಳ ಹೊತ್ತು ನೋಡಿದರು.

"ಕೌದಿ ಹಾಸಿದಂಗ ಐತೆಪಾ," ಎಂದರು. "ಇದರಾಗ ನನ್ನ ಕಂಬಿ ಎಲ್ಲೈತಿ?"

ಇಗೋ ಇಲ್ಲಿ, ಇದೇ ಕಂಬಿ, ಇದೇ ಗಿರಿಜಾ ಎಂದು ನಾನೂ ನಮ್ಮವರೂ ಬೇರೆಬೇರೆ ಕಡೆ ಬೆರಳಿಟ್ಟೆವು. ಅಲ್ಲಿಗೆ ನಮ್ಮ ಮಾತಿನ ಬೆಲೆ ಮುಗಿಯಿತು. ಅತ್ತೆ ಎದ್ದು ಹೋಗಿ ಮಂಚದ ಮೇಲೆ ಮಲಗಿದರು. ಮಜ್ಜಿಗೆ ಒಯ್ದೆ, ಒಂದು ಗುಟುಕು ಕುಡಿದು ಲೋಟ ಬದಿಗಿಟ್ಟರು. ಕೈ ಮುಟ್ಟಿದೆ, ತಣ್ಣಗೆ ಬೆವರಿತ್ತು. ನಾಲ್ಕು ಗಂಟೆಯದೂ ಹೀಗೇ ಆದರೆ ನಾಳೆ ಗಿರಿಜಾ ಫೋನು ಮಾಡುವ ತನಕ ಈ ಜೀವ ಹೀಗೇ ಇರಬೇಕು. ಗಿರಣಿಯವನ ಹತ್ತಿರ ಹೋಗಿ, ನಾಲ್ಕಕ್ಕೆ ಒಂದು ಚಹಾ ಕುದಿಯುವಷ್ಟು ಹೊತ್ತು ನಿಲ್ಲಿಸು ಎಂದು ಕೇಳಿಕೊಂಡೆ. ಮೆಣಸಿನಕಾಯಿ ಚೀಲ ಹೊತ್ತು ಸಾಲಾಗಿ ನಿಂತ ಹೆಂಗಸರನ್ನು ತೋರಿಸಿ, ಅವನು ಕೈ ಮುಗಿದ. ಅವನದೂ ತಪ್ಪಲ್ಲ. ಮೇಲಾಗಿ, ಗಿರಣಿ ನಿಂತರೂ ಬೀದಿ ನಿಲ್ಲುವುದಿಲ್ಲವಲ್ಲ. ವೈರೇ ಸರಿಯಾಗಬೇಕು.

ನಮ್ಮವರು ಒಂದೊಂದೇ ಪರೀಕ್ಷೆ ಮಾಡಿದರು. ಮೋಟಾರಿಗೆ ಹಿಡಿಯುವ ಮೀಟರನ್ನು ವೈರಿಗೆ ಹಿಡಿದರು, ವೈರು ಸರಿಯಿತ್ತು. ಸ್ಕ್ಯಾನರಿನ ಬಾಯಿಯನ್ನು ಒರೆಸಿ ಇಯರ್‌ಫೋನು ಚುಚ್ಚಿ ಕೇಳಿದರು, ದನಿ ಬರುತ್ತಿತ್ತು. ಉಳಿದದ್ದು ಕಂಪ್ಯೂಟರಿನ ಗುಲಾಬಿ ಕಿವಿ. ಅದು ಕೆಟ್ಟಿದೆ, ಹಾವೇರಿಗೆ ಹೋಗಿ ಬೇರೆ ಸಾಮಾನು ತರಬೇಕು ಎಂದು ಅಂಗಿ ಹಾಕಿಕೊಂಡರು. ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ನಾಲ್ಕು ದಾಟುವುದು ಅವರಿಗೂ ಗೊತ್ತಿತ್ತು. ಚಪ್ಪಲಿ ಮೆಟ್ಟಿದವರು ಅಲ್ಲೇ ನಿಂತುಬಿಟ್ಟರು.

ನಾನು ಸುಮ್ಮನೆ ಕೂರಲಾರದೆ ಮೊಬೈಲಿನ ಬೆಳಕು ಬಿಟ್ಟು ಆ ತೂತಿನೊಳಗೆ ಇಣುಕಿದೆ. ಒಲೆ ಸರಿಯಾಗಿ ಉರಿಯದಿದ್ದರೆ ಮೊದಲು ತೂತು ನೋಡುವ ಅಭ್ಯಾಸ ನನಗೆ. ವಿದ್ಯೆ ಅಲ್ಲ, ಚಾಳಿ. ಒಳಗೆ ಬೆಳ್ಳಗೆ ಏನೋ ಕಂಡಿತು. ಗೋಡೆಯ ಸುಣ್ಣ ಬಿದ್ದಿದೆಯೋ, ಹುಳ ಗೂಡು ಕಟ್ಟಿದೆಯೋ ಎಂದುಕೊಂಡು ಅಂಚನ್ನು ಉಗುರಿನಿಂದ ಕೆರೆದೆ. ಪುಡಿ ಉದುರಿತು. ಮೂಸಿ ನೋಡಿದೆ. ಬೆಳಗಿನ ಹೊತ್ತು ನಮ್ಮ ದೇವರ ಕೋಣೆಯಲ್ಲಿ ಬರುವ ವಾಸನೆಯೇ ಅದು.

ಅದು ವಿಭೂತಿಯಾಗಿತ್ತು.

ನಿಮಗೆ ನಮ್ಮ ಅತ್ತೆಯ ಬೆಳಗು ಗೊತ್ತಿಲ್ಲ. ಶಿವಪೂಜೆಯಲ್ಲಿ ಅವರು ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಹಣೆಗೆ, ಕೊರಳಿಗೆ, ತೋಳಿಗೆ, ಎರಡೂ ಕಿವಿಗೆ ಹಚ್ಚಿಕೊಳ್ಳುತ್ತಾರೆ. ಒಳ್ಳೆಯದನ್ನು ಕೇಳಬೇಕಾದ ಕಿವಿಗೆ ವಿಭೂತಿ ತಪ್ಪಬಾರದು ಎನ್ನುತ್ತಾರೆ. ಬಟ್ಟಲಿನಲ್ಲಿ ಉಳಿದದ್ದು ಬೀಸುವ ಕಲ್ಲಿಗೆ, ಮಿಕ್ಸರಿಗೆ, ಫ್ರಿಜ್ಜಿಗೆ, ಬೋರಿನ ಸ್ವಿಚ್ಚಿಗೆ, ದುಡಿಯುವ ಎಲ್ಲದಕ್ಕೂ ಮೂರು ಬೆರಳಿನ ಗೆರೆಯಾಗಿ ಸಲ್ಲುತ್ತದೆ. ನಮ್ಮ ಮನೆಯಲ್ಲಿ ಅದು ಬೆಳಗು ಹರಿದಷ್ಟೇ ಸಹಜ, ಯಾರೂ ತಿರುಗಿ ನೋಡುವುದಿಲ್ಲ. ಮೊನ್ನೆ ಸಂಜೆ ಮಗ ತೋರಿಸಿಕೊಟ್ಟಿದ್ದ, ಇದು ಕಿವಿ ಎಂದು. ಮಲ್ಲಯ್ಯನ ಸುದ್ದಿ ಕೇಳಬೇಕಾದ ಕಿವಿ. ಆ ತಾಯಿ ಮರುದಿನ ನಸುಕಿನಲ್ಲಿ ಬೆರಳಿನಿಂದ ತಡವಿ, ತನ್ನ ಕಿವಿಗೆ ಹಚ್ಚಿದಷ್ಟೇ ಶ್ರದ್ಧೆಯಿಂದ ಅದಕ್ಕೂ ಹಚ್ಚಿದ್ದರು. ಆಮೇಲೆ ನಾವು ವೈರು ಚುಚ್ಚಿ ಆ ಹಸಿ ವಿಭೂತಿಯನ್ನು ಒಳಗೆ ದೂಡಿದ್ದೆವು. ಅದು ಒಣಗಿ ಗಚ್ಚು ಹಿಡಿದಿತ್ತು.

ನಾನು ನಮ್ಮವರಿಗೆ ಬೆರಳು ತೋರಿಸಿದೆ. ಅವರು ನೋಡಿ, ಬಾಯಿ ತೆರೆದು, ಮಂಚದ ಕಡೆ ತಿರುಗಿದರು. ನಾನು ಕೈ ಹಿಡಿದು ಜಗ್ಗಿದೆ. ನನ್ನ ಉಪವಾಸ ಮುರಿಯುವ ಸುದ್ದಿಗೆ ನಾನೇ ಅಡ್ಡಬಂದೆನಲ್ಲ ಎಂದು ಆ ಜೀವಕ್ಕೆ ಗೊತ್ತಾಗುವುದು ಬೇಡ ಎಂದು ಪಿಸುಗುಟ್ಟಿದೆ. ಅವರು ತಲೆಯಾಡಿಸಿ ಕಂಪ್ಯೂಟರಿನ ಕರೆಂಟು ತೆಗೆದರು.

ಬಳೆಯಿಂದ ಪಿನ್ನು ಬಿಡಿಸಿಕೊಂಡೆ. ಕೆರೆಯುವ ಮುಂಚೆ ಒಂದು ಕ್ಷಣ ಕೈ ನಿಂತಿತು. ವಿಭೂತಿಯನ್ನು ಕಸದ ಹಾಗೆ ಕೆರೆದು ಒಗೆಯುವುದು ಹೇಗೆ? ಸೆರಗನ್ನು ಕೆಳಗೆ ಹಾಸಿ ಹಿಡಿದೆ. ಪಿನ್ನಿನ ಮೊನೆಯಿಂದ ಅಂಚಿನ ಗಚ್ಚನ್ನು ಹಗುರಾಗಿ ಬಿಡಿಸುತ್ತ ಬಂದೆ, ಸಣ್ಣ ಸಣ್ಣ ಹಳಕು ಸೆರಗಿಗೆ ಉದುರಿದವು. ಆಮೇಲೆ ಕಸಬರಿಗೆಯ ಹೊಸ ಕಡ್ಡಿಗೆ, ದೀಪಕ್ಕೆಂದು ಹೊಸೆದಿಟ್ಟ ಹತ್ತಿಬತ್ತಿ ಸುತ್ತಿ, ಕೂಸಿನ ಕಿವಿ ಒರೆಸುವ ಹಾಗೆ ಒಳಗೆ ತಿರುಗಿಸಿದೆ. ಮೊದಲ ಬತ್ತಿ ಪೂರಾ ಬೆಳ್ಳಗೆ ಬಂತು. ಮೂರನೆಯದಕ್ಕೆ ಬಿಳಿ ಹತ್ತಲಿಲ್ಲ. ಸೆರಗಿನಲ್ಲಿ ಬಿದ್ದದ್ದನ್ನು ಕೂಡಿಸಿ ಹಣೆಗೆ ಹಚ್ಚಿಕೊಂಡು, ನಮ್ಮವರ ಹಣೆಗೂ ಹಚ್ಚಿದೆ. ಅವರು ಬೇಡ ಅನ್ನಲಿಲ್ಲ.

ಕರೆಂಟು ಹಚ್ಚಿ, ವೈರು ಚುಚ್ಚಿ, ಸ್ಕ್ಯಾನರಿನಲ್ಲಿ ಯಾವುದೋ ಊರಿನ ಭಜನೆ ಹಿಡಿದರು. ಪಟ್ಟಿ ಎದ್ದು ನಿಂತಿತು. ಹಸಿರು ದಾಟಿ ಕೆಂಪಿಗೆ ಹೋಯಿತು. ದನಿ ಇಷ್ಟು ಜೋರಾದರೂ ಚಿತ್ರ ಕೆಡುತ್ತದೆ ಎಂದು ನಮ್ಮವರು ಗುಂಡಿ ತಿರುಗಿಸಿ ತಗ್ಗಿಸಿದರು. ನಾನು ಬಳೆ ಅಲ್ಲಾಡಿಸಿದೆ. ಪಟ್ಟಿ ನನ್ನ ಕಡೆ ಲಕ್ಷ್ಯವನ್ನೇ ಕೊಡಲಿಲ್ಲ. ಯಾರಾದರೂ ನನ್ನನ್ನು ಕಡೆಗಣಿಸಿದ್ದಕ್ಕೆ ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ನಾಲ್ಕಾಯಿತು. ಅತ್ತೆಯನ್ನು ತೋಳು ಹಿಡಿದು ತಂದು ಕುರ್ಚಿಯಲ್ಲಿ ಕೂಡಿಸಿದೆವು. ಏನೂ ಇಲ್ಲ. ಪಟ್ಟಿ ನೆಲ ಕಚ್ಚಿ ಮಲಗಿತ್ತು. ಗಿರಣಿ ಒದರುತ್ತಿತ್ತು. ನಮ್ಮವರು ಗಡಿಯಾರ ನೋಡಿದರು, ನಾನು ದೇವರ ಕೋಣೆಯ ಬಾಗಿಲು ನೋಡಿದೆ. ಗುಡ್ಡ ಏರುವಾಗ ಯಾರಿಗಾದರೂ ಏನಾದರೂ ಆಯಿತೇ ಎಂಬ ಯೋಚನೆ ಮೂವರಿಗೂ ಬಂದಿರಬೇಕು. ಮಲ್ಲಯ್ಯಾ, ಹಣ್ಣುಕಾಯಿ ಬೇಡಿಕೊಳ್ಳುವುದಿಲ್ಲ, ಒಂದು ತುತ್ತು ಬೇಡುತ್ತೇನೆ, ಅದೂ ನನಗಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಪಟ್ಟಿ ಮಿಡುಕಿತು.

ಮೇಲಿನ ಅಂಚಿನಲ್ಲಿ ಒಂದು ಗೆರೆ ಮೂಡಿತು, ಅದರ ಕೆಳಗೆ ಇನ್ನೊಂದು. ಬರೀ ನೀಲಿ, ಆಕಾಶ. ಈ ಸಲ ಪಟ್ಟೆಯಿಲ್ಲ, ಚುಕ್ಕೆಯಿಲ್ಲ, ತೊಳೆದಿಟ್ಟ ಹಾಗಿತ್ತು. ನೀಲಿಯೊಳಗೆ ಕಲ್ಲಿನ ಕಮಾನು ಮೂಡಿತು. ಅದರ ಕೆಳಗೆ ನವಿಲುಗರಿ, ಆಮೇಲೆ ಹಿತ್ತಾಳೆಯ ಹೊಳಪು. ಅತ್ತೆ ಕುರ್ಚಿಯ ಕೈ ಹಿಡಿದು ಮುಂದೆ ಬಾಗಿದರು. ಆಮೇಲೆ ಒಂದು ಗಂಟು, ಗಂಟಿನ ಕೆಳಗೆ ಬೆವರಿದ ಹಣೆ, ಆಮೇಲೆ ನಗು. ಗಿರಿಜಾ ಹೆಗಲ ಮೇಲೆ ಕಂಬಿ, ತಲೆಯ ಮೇಲೆ ಉಡಿಯ ಗಂಟು ಹೊತ್ತು, ಎಡಗೈ ಸೊಂಟಕ್ಕೆ ಇಟ್ಟು ನಿಂತಿದ್ದಳು.

"ಕೈ ನೋಡು ಕೈ," ಎಂದರು ಅತ್ತೆ. "ಸಣ್ಣಾಕಿದ್ದಾಗಿಂದ ಹಿಂಗ ನಿಂದ್ರತಾಳ, ಜಗಳಕ್ಕ ನಿಂತವರಂಗ. ನನ್ನ ಮಗಳ ಹೌದು."

ಚಿತ್ರ ಕೆಳಕೆಳಗೆ ಬಂದಂತೆ ಒಂದು ಬದಿಗೆ ವಾಲುತ್ತಿತ್ತು. ಕಮಾನು, ಗಿರಿಜಾ, ಕಂಬಿ ಎಲ್ಲ ಓರೆಯಾಗಿ ನಿಂತಿದ್ದವು. ಕಂಪ್ಯೂಟರಿನ ಓಟ ಅಷ್ಟಿಷ್ಟು ಹಿಂದೆಮುಂದೆ ಆದರೆ ಹಾಗಾಗುತ್ತದೆ, ಮುಂದಿನ ಸಲ ನೆಟ್ಟಗೆ ಮಾಡುತ್ತೇನೆ ಎಂದು ನಮ್ಮವರು ತಪ್ಪು ಮಾಡಿದವರ ಹಾಗೆ ಹೇಳಿದರು.

"ಗುಡ್ಡ ಏರಾವರು ನೆಟ್ಟಗ ನಿಂದ್ರತಾರೇನೋ?" ಎಂದರು ಅತ್ತೆ. "ಬಾಗೇ ಏರಬೇಕು. ಸರಿ ಐತಿ ಬಿಡು."

ಕೊನೆಯ ಗೆರೆಗಳಲ್ಲಿ ಅಕ್ಷರಗಳು ಮೂಡಿದವು. ಬಷೀರ್ ಸಾಹೇಬರು ಫೋಟೊದ ಅಡಿಯಲ್ಲಿ ದಪ್ಪಗೆ ಬರೆದು ಕಳಿಸಿದ್ದರು. ಅತ್ತೆಗೆ ಓದಲು ಬರುವುದಿಲ್ಲ. ಏನೈತಿ ಅದು ಎಂದು ಕೇಳಿದರು. ನಾನು ಓದಿ ಹೇಳಬೇಕೆಂದರೆ ಗಂಟಲು ಕಟ್ಟಿತು. ಅಜ್ಜನ ರೇಡಿಯೊದ ಹಾಗೆ ನನಗೂ ಯಾರಾದರೂ ಒಂದು ತಂಬಿಗೆ ನೀರು ಹಾಕಬೇಕಿತ್ತು. ನಮ್ಮವರೇ ಓದಿದರು:

"ಅವ್ವಾರ, ಇನ್ನ ಉಣ್ರಿ."

ಅತ್ತೆ ಪರದೆಗೆ ಕೈ ಮುಗಿದರು. ಕಂಬಿಗೆ ಮುಗಿದರೋ, ಮಗಳಿಗೋ, ಆ ಅಕ್ಷರ ಬರೆದವರಿಗೋ ನಾನು ಕೇಳಲಿಲ್ಲ. "ರೊಟ್ಟಿ ಬಿಸಿ ಅದಾವೇನ, ಲೀಲಾ?" ಎಂದರು. ನಾನು ಒಳಗೆ ಓಡಿ ಹಂಚಿಟ್ಟೆ. ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಬೇಳೆ, ಮೊಸರು. ಅತ್ತೆ ಒಂದು ಎಡೆಯನ್ನು ಮೊದಲು ದೇವರಿಗೆ ಹಿಡಿಸಿ, ಆಮೇಲೆ ಗೋಡೆಗೆ ಒರಗಿ ಕುಂತು ನಿಧಾನವಾಗಿ ಉಂಡರು. ಮೂರನೆಯ ರೊಟ್ಟಿ ಕೇಳಿದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಬೇಕೆಂದೇ ಬಳೆ ಸದ್ದು ಮಾಡಿದೆ. ಅಂದು ಈ ಹಿರೇಕೆರೂರಿನಲ್ಲಿ ನನ್ನಷ್ಟು ಗೆದ್ದ ಹೆಂಗಸು ಇನ್ನೊಬ್ಬಳಿರಲಿಲ್ಲ.

ಮರುದಿನ ನಸುಕಿನಲ್ಲಿ ಎದ್ದು ಬಂದಾಗ ಅತ್ತೆ ವಿಭೂತಿ ಬಟ್ಟಲು ಹಿಡಿದು ಕಂಪ್ಯೂಟರಿನ ಮುಂದೆ ನಿಂತಿದ್ದರು. ತಡೆಯುವುದು ಹೇಗೆ, ಏನೆಂದು ಹೇಳುವುದು ಎಂದು ಯೋಚಿಸುತ್ತಿರುವಾಗಲೇ ಅವರು ಕೈ ಎತ್ತಿ, ಪೆಟ್ಟಿಗೆಯ ನೆತ್ತಿಯ ಮೇಲೆ, ತೂತಿನಿಂದ ಗೇಣು ದೂರದಲ್ಲಿ, ಮೂರು ಗೆರೆ ಎಳೆದರು.

"ಕಣ್ಣು ಮಂದ ಆಗ್ಯಾವ, ಕಿವಿ ಅಲ್ಲ" ಎಂದರು ತಿರುಗದೆಯೇ. "ನಿನ್ನಿ ನೀವು ಗುಸುಗುಸು ಅಂದಿದ್ದು ಎಲ್ಲಾ ಕೇಳೇನಿ."

ಅವರು ನನ್ನ ಕೈ ಹುಡುಕಿ ಹಿಡಿದು, ಬಳೆಗಳನ್ನು ಸರಿಸಿ, ತೂಗುತ್ತಿದ್ದ ಪಿನ್ನನ್ನು ಬೆರಳ ತುದಿಯಿಂದ ಗುರುತು ಮಾಡಿಕೊಂಡರು. ಬಟ್ಟಲಿನಲ್ಲಿ ಉಳಿದ ವಿಭೂತಿಯನ್ನು ಅದಕ್ಕೆ ಹಚ್ಚಿದರು.

"ಇದೂ ದುಡದೈತಿ" ಎಂದರು.

ಪಿನ್ನಿನ ಸಂದಿಯಲ್ಲಿ ಆ ಬಿಳಿ ಇನ್ನೂ ಇದೆ. ಅದಕ್ಕೇ ಈಗೀಗ ಅದು ಸಲೀಸಾಗಿ ತೆರೆಯುವುದಿಲ್ಲ. ಮಗಳು ಹೊಸದು ತಂದುಕೊಟ್ಟಿದ್ದಾಳೆ; ಅದನ್ನು ಇನ್ನೊಂದು ಕೈಗೆ ಹಾಕಿಕೊಂಡಿದ್ದೇನೆ.